ನಾಲ್ಕು ಗಂಟೆಯ ಆಕಾಶ

ಗೆಳೆಯರೇ, ಪಾರಿವಾಳ ಹಾರಿಸುವವರ ವಿಡಿಯೊ ಸೈಟ್ ನಡೆಸುವ ಶಿವಾಜಿನಗರದ ಸಲೀಂ ಇಂದು ಫೋನ್ ಮಾಡಿದ.

“ಅಕ್ಕಾ, ಯಜಮಾನ್ರು ಹಾಕಿದ್ದ ವಿಡಿಯೊ ನಾಲ್ಕು ಗಂಟೆ ಬರೀ ಆಕಾಶ, ಮೇಲೆಲ್ಲೋ ಚುಕ್ಕೆಯಂಥ ಒಂದು ಹಕ್ಕಿ. ಯಾರಾದ್ರೂ ಅದನ್ನ ಒತ್ತಿದ್ರೆ ಮಿಕ್ಕೋರದ್ದೆಲ್ಲಾ ನಿಂತ್ಹೋಗುತ್ತೆ. ಕೊನೇ ಐದು ನಿಮಿಷ ಮಾತ್ರ ಇಡ್ಲಾ?”

“ಬೇಡಪ್ಪ. ಅವರು ಸಿಳ್ಳೆ ಹಾಕೋದು, ‘ಇಳಿಯೇ ರಾಣಿ’ ಅಂತ ನಮ್ಮ ಪಾರಿವಾಳಕ್ಕೆ ಬೈಯೋದು ಎಲ್ಲಾ ಅದ್ರಲ್ಲಿದೆ. ಅವರು ಹೋದ್ಮೇಲೆ ಆ ದನಿ ನಂಗೆ ಬೇರೆಲ್ಲೂ ಇಲ್ಲ.”



“ಹಂಗಾದ್ರೆ ದನಿ ಪೂರ್ತಿ ಇಡ್ತೀನಿ, ಚಿತ್ರ ಮಸುಕು ಮಾಡ್ತೀನಿ. ಸೈಟಿಗೂ ಹಗುರ. ಆದ್ರೆ ಹಕ್ಕಿ ಯಾವ್ದು ಅಂತ ಯಾರ್ಗೂ ಗೊತ್ತಾಗಲ್ಲ. ಪರ್ವಾಗಿಲ್ವಾ?”

ತಕ್ಷಣ ಒಪ್ಪಿಕೊಂಡೆ. ಅಂದು ನಾಲ್ಕು ಗಂಟೆ ಅವರು ಸಿಳ್ಳೆ ಹಾಕಿ ಕರೆದದ್ದು ಒಂದು ಹದ್ದನ್ನು. ನಮ್ಮ ರಾಣಿ ಅವರ ಬೆನ್ನ ಹಿಂದೆಯೇ, ನೀರಿನ ಟ್ಯಾಂಕಿನ ಮೇಲೆ ಕೂತಿದ್ದಳು.