ಗೋಡೆಯೊಳಗೆ ಕೇಳಿದ ನೀರು

1994ರಲ್ಲಿ, ಏಳನೆಯ ತರಗತಿಯಲ್ಲಿ, ನಾನು ಶಾಲೆ ಬಿಟ್ಟೆ. ಆಮೇಲೆ ಹಿಡಿದದ್ದು ಸುರಂಗದ ಕೆಲಸ. ಗುಡ್ಡದ ಕೆಂಪು ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ತರುವುದು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಾನು ತೋಡಿದ ಒಂದು ಸುರಂಗವೂ ನೀರಿಲ್ಲದೆ ನಿಂತಿಲ್ಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಒರತೆ ಹುಡುಕುವುದು ಕಿವಿಯಿಂದ. ಒಬ್ಬ ಗೋಡೆಗೆ ಕಿವಿಯಿಟ್ಟರೆ ಇನ್ನೊಬ್ಬ ಅದೇ ಗೋಡೆಗೆ ಬೆನ್ನು ಕೊಟ್ಟು ಅಲ್ಲಾಡದೆ ಕೂರಬೇಕು.

ಪುಂಜಾಲಕಟ್ಟೆಯ ಹತ್ತಿರ, ಗಲ್ಫ್‌ನಿಂದ ಮರಳಿದ ಬ್ಯಾರಿಯೊಬ್ಬರ ಗುಡ್ಡ. ಬೋರ್‌ವೆಲ್ ಬತ್ತಿತ್ತು, ನೀರು ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಜೊತೆಗೆ ಹೆಂಡತಿಯ ತಮ್ಮ. ನಾನು ಗೋಡೆಗೆ ಬೆನ್ನು ಕೊಟ್ಟೆ. ಅವನು ಕಿವಿಯಿಟ್ಟ.

"ಉಂಟು ಭಾವ! ಎಡಗಡೆ. ಸೊಯ್ ಸೊಯ್ ಅಂತ ಹರೀತಾ ಉಂಟು."

ನಾನು ಕಿವಿಯಿಟ್ಟರೆ ಏನೂ ಇಲ್ಲ. ವಯಸ್ಸಾಯಿತು ಎಂದುಕೊಂಡು, ನೇರ ದಾರಿ ಬಿಟ್ಟು ಎಡಕ್ಕೆ ತೋಡಿದೆ. ಎಷ್ಟು ಮುಂದೆ ಹೋದರೂ ಅವನಿಗೆ ಸದ್ದು ಅಷ್ಟೇ ಹತ್ತಿರ, ಕಲ್ಲು ಅಷ್ಟೇ ಒಣ. ನಾನು ಚಹಾಕ್ಕೆ ಹೊರಗೆ ಹೋದರೆ ನಿಲ್ಲುತ್ತಿತ್ತಂತೆ. ಬಂದು ಕೂತರೆ ಮತ್ತೆ ಶುರು.

"ನೀರು ನಿಮ್ಮನ್ನು ಕಂಡರೆ ಮಾತ್ರ ಮಾತಾಡ್ತದೆ," ಎಂದು ನಕ್ಕ. ಮರುದಿನ ನಗಲಿಲ್ಲ. "ಇಲ್ಲಿ ಬೇರೆ ಏನೋ ಉಂಟು ಭಾವ. ಬಿಟ್ಟು ಹೋಗುವ."

"ಸುಮ್ಮನೆ ಮಣ್ಣು ಎಳಿ ಮಾರಾಯ."

ಹಾಗೆಂದ ನನಗೆ ಕೆಮ್ಮು ಬಂತು. ಮೇಣದ ಬತ್ತಿಯ ಬೆಳಕಿನಲ್ಲಿ, ಕೆಂಪು ಕಲ್ಲಿನ ಮೇಲೆ, ಬಿದ್ದದ್ದು ರಕ್ತವೆಂದು ಕಾಣಲಿಲ್ಲ. ಬಾಯಲ್ಲಿ ಉಪ್ಪು ಹತ್ತಿದ ಮೇಲೆಯೇ ಗೊತ್ತಾದದ್ದು.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆನ್ನಿನ ಎಡಗಡೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಕೊಳವೆಯನ್ನು ನನ್ನ ಕಿವಿಗೇ ಕೊಟ್ಟರು. ಹರಿಯುವ ನೀರು. ಪಕ್ಕದಲ್ಲಿದ್ದ ಭಾವಮೈದುನನೂ ಕೇಳಿದ. "ಇದೇ ಭಾವ, ಗೋಡೆಯಲ್ಲಿ ಕೇಳಿದ್ದು," ಎಂದ.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ವಿವರಿಸಿದರು: "ಶ್ವಾಸಕೋಶದ ಒಂದು ತುಂಡು ಹುಟ್ಟುವಾಗಲೇ ಬೇರೆಯಾಗಿ ಉಳಿದಿದೆ. ಉಸಿರಿನ ಕೊಳವೆಗೆ ಸೇರಿಲ್ಲ. ಹೊಟ್ಟೆಯ ದೊಡ್ಡ ರಕ್ತನಾಳದಿಂದ ಒಂದು ಕವಲು ಮೇಲೆ ಹತ್ತಿ ಅದಕ್ಕೆ ರಕ್ತ ಕೊಡ್ತಾ ಉಂಟು. ಬಹಳ ಅಪರೂಪ. ಎಡ ಶ್ವಾಸಕೋಶದ ಕೆಳಗಿನ ಅರ್ಧದೊಂದಿಗೆ ಅದನ್ನು ತೆಗೆಯಲೇಬೇಕು. ಆ ಕವಲನ್ನು ಮೊದಲು ಹಿಡಿದು ಕಟ್ಟಬೇಕು. ತಪ್ಪಿ ಕತ್ತರಿ ತಾಗಿದರೆ ಜೀವಕ್ಕೇ ಅಪಾಯ."

"ಮತ್ತೆ ಸುರಂಗಕ್ಕೆ ಹೋಗಬಹುದಾ?"

"ಮೊದಲು ಬದುಕುವ. ಆಮೇಲೆ ನೋಡುವ."

ಇಷ್ಟು ವರ್ಷ ಅದು ನನ್ನೊಳಗೆ ಉಸಿರಾಡದೆ, ಬರೀ ಕುಡಿಯುತ್ತ ಕೂತಿತ್ತು. ಆಪರೇಷನ್ನಿಗೆ ಮಲಗಿಸಿದಾಗ ನನಗೆ ಹೆದರಿಕೆಯಾದದ್ದು ಸಾವಿನದ್ದಲ್ಲ, ಅದರದ್ದು.

ಗಾಯ ಮಾಗಿದ ಮೇಲೆ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವನು ಕಿವಿಯಿಟ್ಟ.

"ಏನೂ ಇಲ್ಲ ಭಾವ."

ಹಿಂದೆ ಬಂದು ನೇರಕ್ಕೆ ತೋಡಿದೆವು. ನಾನು ನಿಧಾನ, ಆದರೆ ನಿಲ್ಲಿಸಲಿಲ್ಲ. ಮಳೆಗಾಲಕ್ಕೆ ಮೊದಲೇ ಒರತೆ ಸಿಕ್ಕಿತು. ಎಡಗಡೆಯ ಕವಲನ್ನು ನಾನೇ ಕಲ್ಲಿಟ್ಟು ಮುಚ್ಚಿದೆ. ಕೊನೆಯ ಕಲ್ಲಿಡುವಾಗ ಯಾಕೋ ಕಿವಿ ಕೊಡಲು ಧೈರ್ಯ ಬರಲಿಲ್ಲ.

ಈಗ ನನ್ನಲ್ಲಿ ಇರುವುದು ಹಾರೆ ಒಂದು, ಪಿಕ್ಕಾಸು ಎರಡು, ನೀರು ಬಂದ ಸುರಂಗ ಇಪ್ಪತ್ತೊಂಬತ್ತು, ಮುಚ್ಚಿದ ಕವಲು ಒಂದು, ಶ್ವಾಸಕೋಶ ಒಂದೂವರೆ.