ಎರಡನೇ ಸಲ ಕೇಳುವವರು

ಶಿರಸಿಗೆ ಬಂದ ಮೊದಲ ದಿನ ಸಂಜೆಯವರೆಗೂ ನನಗೆ ಒಂದು ಲೋಟ ನೀರು ಸಿಗಲಿಲ್ಲ. ಕೊಡುವವರಿರಲಿಲ್ಲ ಎಂದಲ್ಲ. ಕೊಡಲು ಬಂದವರಿಗೆ ಬೇಡ ಎಂದವಳು ನಾನೇ.

ಸಿಂದಗಿ ಹತ್ತಿರದ ನಮ್ಮೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಹುಬ್ಬಳ್ಳಿಯಲ್ಲಿ ಇಳಿದು ಹತ್ತಿ, ನಾನು ಸೇರಬೇಕಿದ್ದ ಹೆಣ್ಣುಮಕ್ಕಳ ಆಶ್ರಯಮನೆಯ ಬಾಗಿಲಿಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಬಾಟಲಿಯ ನೀರು ಹುಬ್ಬಳ್ಳಿಯಲ್ಲೇ ಖಾಲಿ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹೊರಬಂದು ಕುರ್ಚಿ ತೋರಿಸಿ ಕೇಳಿದರು, “ಆಸ್ರಿಗೆ ಎಂತಾದ್ರೂ ಬೇಕಾ?” ಬಾಯಾರಿಕೆಗೆ ಕುಡಿಯಲು ಕೊಡುವುದಕ್ಕೆ ಇಲ್ಲಿ ಆಸ್ರಿಗೆ ಎನ್ನುತ್ತಾರೆ. ಆ ಪದ ತಿಳಿಯದಿದ್ದರೂ ಅವರ ಕೈಯಲ್ಲಿದ್ದ ತಂಬಿಗೆ ನೋಡಿ ಅರ್ಥವಾಯಿತು. ನಮ್ಮ ಕಡೆ ಮರ್ಯಾದಸ್ಥರು ಹೇಗೆ ಹೇಳುತ್ತಾರೋ ಹಾಗೇ ಹೇಳಿದೆ: “ಬ್ಯಾಡ್ರಿ.” “ಸರಿ” ಎಂದು ಅವರು ತಂಬಿಗೆ ಹಿಡಿದುಕೊಂಡು ಒಳಗೆ ಹೋದರು. ಹೋದವರು ಹೋದೇಬಿಟ್ಟರು.

ನಮ್ಮಲ್ಲಾದರೆ ಏನಾಗುತ್ತಿತ್ತೆಂದು ನಮ್ಮೂರವರೇ ಆದ ನಿಮಗೆ ಹೇಳಬೇಕಿಲ್ಲ. “ಬ್ಯಾಡ ಅಂದ್ರ ಹೆಂಗ್ರಿ, ಅಷ್ಟ್ ದೂರದಿಂದ ಬಂದೀರಿ” ಎಂದು ನೀರೂ ಬೆಲ್ಲವೂ ಬರುತ್ತಿದ್ದವು, ಹಿಂದೆಯೇ ಚಹಾ ಬರುತ್ತಿತ್ತು, ಚಹಾ ಬೇಡವೆಂದರೆ ಅವಲಕ್ಕಿಯೂ ಬರುತ್ತಿತ್ತು. ಮೊದಲ ಸಲ ಬೇಡ ಅನ್ನುವುದು ನಮ್ಮಲ್ಲಿ ಉತ್ತರವೇ ಅಲ್ಲ, ಮಾತಿನ ಶುರು ಅಷ್ಟೇ. ಅವರು ಇನ್ನೊಮ್ಮೆ ಕೇಳಿಯಾರು ಎಂದು ನಾನು ಆ ಕುರ್ಚಿಯಲ್ಲಿ ಕೂತೇ ಇದ್ದೆ. ಸಂಜೆ ಚಹಾದ ಗಂಟೆ ಹೊಡೆಯುವವರೆಗೆ ಗಂಟಲು ಒಣಗಿಸಿಕೊಂಡು ಕೂತಿದ್ದೆ. ಎದ್ದು ಹೋಗಿ ಕೇಳಲು ಸಂಕೋಚ, ಮೇಲಿಂದ ಸಿಟ್ಟು. ಎಂಥಾ ಊರಿಗೆ ಬಂದೆನಪ್ಪಾ ಅನ್ನಿಸಿತು.

ಬಂದದ್ದು ಒಂದು ವರ್ಷದ ತರಬೇತಿಗೆ. ಮನೆಯವರ ಆಸರೆ ತಪ್ಪಿದ, ಇಲ್ಲವೇ ಮನೆಯಲ್ಲಿ ಇರಲಾಗದ ಹನ್ನೆರಡರಿಂದ ಹದಿನೆಂಟರ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕಲಿಯಲು. ಊರಲ್ಲಿ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷ ಕಲಿಸಿದ್ದೆ. ಎಂಟನೇ ಇಯತ್ತೆ ಮುಗಿಯುವ ಹೊತ್ತಿಗೆ ಬೆಂಚಿನ ಮೇಲಿನ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಅವರ ಹೆಸರಿನ ಮುಂದೆ ಗೈರುಹಾಜರಿ ಬರೆದು ಬರೆದು ಬೇಸತ್ತಿದ್ದೆ. ಹೊರಟಾಗ ನಮ್ಮ ಚಿಗವ್ವ ಓಣಿಯೆಲ್ಲ ಕೇಳುವಂತೆ ನಕ್ಕಿದ್ದಳು: “ಮಂದಿ ಮಕ್ಕಳ್ನ ನೋಡ್ಕೊಳ್ಳಾಕ ಒಂದ್ ವರ್ಷ ಕಲೀಬೇಕಾ ಮಾದೇವಿ? ನಿಮ್ಮವ್ವ ನಾಕು ಮಕ್ಕಳ್ನ ಯಾವ ಸಾಲ್ಯಾಗ ಕಲ್ತು ಸಾಕಿದ್ಲು?” ಕಲಿತೇ ಬರುತ್ತೇನೆ, ಅರ್ಧಕ್ಕೆ ತಿರುಗಿ ಬರುವವಳಲ್ಲ ಎಂದು ಅವಳೆದುರೇ ಹೇಳಿ ಬಸ್ಸು ಹತ್ತಿದ್ದೆ.

ತಂಬಿಗೆ ಹಿಡಿದು ಬಂದಿದ್ದವರು ಭಾರತಿ ಅಕ್ಕ, ಸಿದ್ದಾಪುರದ ಕಡೆಯವರು. ಆ ಮನೆಯ ಹಿರಿಯ ಪಾಲಕಿ. ನನ್ನ ತರಬೇತಿಯೂ ಅವರ ಕೈಯಲ್ಲೇ. ವಾರದಲ್ಲಿ ಮೂರು ದಿನ ಪಾಠ, ಉಳಿದ ದಿನ ಮಕ್ಕಳ ಜೊತೆ ಕೆಲಸ. ಕಾನೂನು, ಹರೆಯದ ಮನಸ್ಸು, ಪ್ರಥಮ ಚಿಕಿತ್ಸೆ ಇವೆಲ್ಲ ಪುಸ್ತಕದಲ್ಲಿದ್ದವು. ಪುಸ್ತಕದಲ್ಲಿ ಇಲ್ಲದ್ದನ್ನು ಅಕ್ಕ ಕಲಿಸಿದರು. ಬಾಗಿಲು ತಟ್ಟದೆ ಹುಡುಗಿಯರ ಕೋಣೆಗೆ ಹೋಗಬಾರದು. ಕೇಳದೆ ಅವರ ಮಂಚದ ಮೇಲೆ ಕೂರಬಾರದು. ಯಾಕೆ ಬಂದೆ ಎಂದು ಕೇಳಲೇಬಾರದು. ಅವರಾಗಿ ಹೇಳಿದರೆ ಕೆಲಸ ನಿಲ್ಲಿಸಿ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಏನೇ ಆದರೂ ಒಂದು ಸಲ ಕೇಳಬೇಕು, ಬೇಡ ಅಂದರೆ ಅಲ್ಲಿಗೇ ಬಿಡಬೇಕು.

ಈ ಕೊನೆಯದು ನನ್ನ ತಲೆಗೆ ಹೋಗಲಿಲ್ಲ. ಉಣ್ಣಿಸುವುದೆಂದರೆ ಒತ್ತಾಯ ಮಾಡುವುದು ಎಂದೇ ತಿಳಿದು ಬೆಳೆದವಳು ನಾನು. ಎರಡನೇ ವಾರ ಕಿರವತ್ತಿಯಿಂದ ಬಂದಿದ್ದ ಜ್ಯೋತಿ ಎಂಬ ಹದಿನಾಲ್ಕರ ಹುಡುಗಿ ಒಂದೇ ದೋಸೆಗೆ ಕೈ ತೊಳೆಯಲು ಎದ್ದಳು. ಕಡ್ಡಿಯಂತಿದ್ದ ಮಗು. “ಇನ್ನೊಂದ್ ತಿನ್ನವಾ, ನನ್ನಾಣಿ ಐತಿ” ಎಂದು ಭುಜ ಹಿಡಿದು ಕೂರಿಸಿ ತಟ್ಟೆಗೆ ಹಾಕಿಯೇಬಿಟ್ಟೆ. ಆಕೆ ತಲೆ ಬಗ್ಗಿಸಿ ಪೂರ್ತಿ ತಿಂದಳು. ನಾನು ಗೆದ್ದೆ ಅಂದುಕೊಂಡೆ. ಮುಂದಿನ ಎರಡು ದಿನ ನಾನು ಬಡಿಸಲು ನಿಂತಾಗ ಆಕೆ ಊಟಕ್ಕೇ ಬರಲಿಲ್ಲ.

ಭಾರತಿ ಅಕ್ಕ ಬೈಯಲಿಲ್ಲ. ನನ್ನ ತರಬೇತಿ ಪುಸ್ತಕ ತೆರೆದು ‘ಒತ್ತಾಯ ಮಾಡುತ್ತಾರೆ’ ಎಂದು ಬರೆದು, ಅದನ್ನು ನನ್ನ ಕಡೆ ತಿರುಗಿಸಿ ಓದಿಸಿದರು. “ನೋಡು ಮಾದೇವಿ, ಆ ಹುಡುಗಿ ಬೇಡ ಅಂದದ್ದಕ್ಕೆ ಇವತ್ತಿನವರೆಗೆ ಯಾರೂ ಬೆಲೆ ಕೊಟ್ಟಿದ್ದಿಲ್ಲ. ದೋಸೆ ಬೇಡ ಅಂದ್ರೆ ಇಲ್ಲಿ ದೋಸೆ ಹಾಕೂದಿಲ್ಲ ಹೇಳಿ ಗೊತ್ತಾದ್ರೆ, ಅವಳಿಗೆ ಅದೇ ಮೊದಲ್ನೇ ಮದ್ದು. ಇದೇ ಮಾತು ಇನ್ನೊಂದು ಸಲ ಬರೀಬೇಕಾಗಿ ಬಂದ್ರೆ ನಿನ್ನನ್ನ ಪಾಸ್ ಮಾಡೂಕೆ ನಂಗೆ ಕಷ್ಟ.”

ನನಗೆ ಅಳು ಬಂತು. ಪ್ರೀತಿಯಿಂದ ಮಾಡಿದ್ದು ಎಂದು ಅಕ್ಕನ ಆ ನೋಟದೆದುರು ಹೇಳಿಕೊಂಡರೂ ಏನು ಬಂತು? ಆ ದಿನ ನಿರ್ಧಾರ ಮಾಡಿದೆ, ಈ ಕೈಯ ಚಾಳಿ ಬಿಡಿಸಿಯೇ ಸೈ ಎಂದು. ಬಡಿಸುವಾಗ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈಯನ್ನು ಸೊಂಟಕ್ಕೆ ಕಟ್ಟಿದ್ದ ಸೆರಗಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದೆ, ಯಾರದೇ ಭುಜಕ್ಕೂ ಹೋಗದಿರಲಿ ಎಂದು. ತಿಂಗಳ ಮೇಲೆ ಜ್ಯೋತಿ ತಾನಾಗಿ ಬಂದು ತಟ್ಟೆ ಒಡ್ಡಿ “ಇನ್ನೊಂದು ಹಾಕಿ” ಅಂದಳು. ಆ ಒಂದು ದೋಸೆಯನ್ನು ನಾನು ಇನ್ನೂ ಮರೆತಿಲ್ಲ.

ಉಳಿದದ್ದೂ ಹೀಗೇ ಒಂದೊಂದಾಗಿ ಒಗ್ಗಿತು. ನಮ್ಮಲ್ಲಿ ಸಾರು ಅನ್ನಕ್ಕೆ, ಇಲ್ಲಿ ಅಪ್ಪೆಹುಳಿ ಎಂಬ ಹುಳಿ ಮಾವಿನಕಾಯಿಯ ತಿಳಿಸಾರನ್ನು ಲೋಟದಲ್ಲಿ ಹಾಕಿ ಕುಡಿಯುತ್ತಾರೆ. ನಮ್ಮಲ್ಲಿ ಕಣ್ಣು ಹಾಯಿಸಿದಷ್ಟು ಬಯಲು, ಇಲ್ಲಿ ಬಸ್ಸು ಪ್ರತಿ ತಿರುವಿನಲ್ಲೂ ಮರದ ಗುಂಪಿಗೇ ನುಗ್ಗಿದಂತೆ. ಮೊದಮೊದಲು ಆಕಾಶ ಸಾಲದೆ ಉಸಿರು ಕಟ್ಟುತ್ತಿತ್ತು. ಮನೆಯಿಂದ ತಂದ ಜೋಳದ ಹಿಟ್ಟಿಗೆ ಜೂನ್ ಕೊನೆಗೆ ಬೂಷ್ಟು ಹಿಡಿದಾಗ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಅತ್ತಿದ್ದೇನೆ, ನಗಬೇಡಿ. ಮಕ್ಕಳ ಮನೆಯವರನ್ನು ಭೇಟಿಯಾಗಲು ಅಕ್ಕನ ಜೊತೆ ಹಳ್ಳಿ ಹಳ್ಳಿ ಸುತ್ತಿದೆ. ಮತ್ತಿಘಟ್ಟದ ಒಂದು ಮನೆಯಲ್ಲಿ ಊಟಕ್ಕೆ ಕೂತಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಸುರಿದರು. ಅಂದರೆ ಇಲ್ಲಿಯ ಜನ ಒತ್ತಾಯದಲ್ಲಿ ನಮಗೇನೂ ಕಡಿಮೆಯಿಲ್ಲ. ಒಂದೇ ಸಲ ಕೇಳುವುದು ಈ ಸೀಮೆಯ ರೀತಿಯಲ್ಲ, ಭಾರತಿ ಅಕ್ಕ ಆ ಮಕ್ಕಳಿಗಾಗಿ ಇಪ್ಪತ್ತು ವರ್ಷ ಹಟ ಹಿಡಿದು ಕಟ್ಟಿದ ರೀತಿ ಎಂದು ಅಂದು ತಿಳಿಯಿತು. ಅಂದಿನಿಂದ ಅವರ ಮೇಲಿನ ನೀರಿನ ಸಿಟ್ಟು ಹೋಯಿತು.

ನಾನು ಬಂದ ಕೆಲವು ತಿಂಗಳಿಗೆ ರೇಣುಕಾ ಬಂದಳು. ಬನವಾಸಿ ಕಡೆಯ, ಬಯಲುಸೀಮೆಗೆ ತಾಗಿದ ಹಳ್ಳಿ, ಹದಿನಾರು ವರ್ಷ, ತಾಯಿ ತೀರಿಕೊಂಡಿದ್ದರು. ಆಕೆ ಬಾಯಿ ಬಿಟ್ಟೊಡನೆ ನನಗೆ ಊರು ಕೇಳಿಸಿತು. “ಏನ್ ಮಾಡಾಕತ್ತೀರ್ರಿ ಅಕ್ಕಾರ?” ಅಂದಳು. ಅಷ್ಟು ದಿನದ ಮೇಲೆ ಆ ದನಿ ಕೇಳಿ ಕೈಯಲ್ಲಿದ್ದ ಲಟ್ಟಣಿಗೆ ಜಾರಿತು. ಪೇಟೆಯಿಂದ ಜೋಳದ ಹಿಟ್ಟು ತಂದು ಭಾನುವಾರ ಭಾನುವಾರ ಇಬ್ಬರೂ ರೊಟ್ಟಿ ಬಡಿಯತೊಡಗಿದೆವು. ಮೊದಲ ಭಾನುವಾರ ಬಿಸಿ ರೊಟ್ಟಿ ಹಿಡಿದು, ಕಲಿತ ಪಾಠದಂತೆ ಒಮ್ಮೆ ಕೇಳಿದೆ. “ಬ್ಯಾಡ್ರಿ” ಅಂದಳು. ನಾನು ರೊಟ್ಟಿ ಬುಟ್ಟಿಗೆ ಹಾಕಿದೆ. ಆಕೆಯ ಕಣ್ಣು ರೊಟ್ಟಿಯ ಜೊತೆಗೇ ಬುಟ್ಟಿಗೆ ಹೋದದ್ದು ಕಂಡಿತು. ಕೈ ಹಿಂದೆ ಕಟ್ಟಿಕೊಂಡು ಮೆಲ್ಲಗೆ ಇನ್ನೊಮ್ಮೆ ಕೇಳಿದೆ. “ಹಂಗಾರ ಅರ್ಧ ಕೊಡ್ರಿ” ಎಂದು ಎರಡು ರೊಟ್ಟಿ ತಿಂದಳು.

ಹತ್ತನೆಯದರಲ್ಲಿ ರೇಣುಕಾ ಪಾಸಾದಳು. ಅಂಥ ಹುಡುಗಿಯರನ್ನು ಕೂರಿಸಿಕೊಂಡು ಅಕ್ಕ ಕೇಳುತ್ತಿದ್ದರು: ಇಲ್ಲಿದ್ದು ಕಾಲೇಜಿಗೆ ಹೋಗುತ್ತೀಯೋ, ಸಂಬಂಧಿಕರ ಮನೆಗೆ ಹೋಗುತ್ತೀಯೋ? ರೇಣುಕಾಳ ಸೋದರಮಾವ ಕೆಟ್ಟವನಲ್ಲ. ಆದರೆ ಅವನ ಮನೆಯಲ್ಲಿ ಸಣ್ಣ ಮಕ್ಕಳು ಮೂವರು, ಹೊಲದಲ್ಲಿ ಗೋವಿನಜೋಳ. ಅಲ್ಲಿಗೆ ಹೋದರೆ ಆಕೆಯ ಓದು ಅಲ್ಲಿಗೇ ಮುಗಿಯಿತು. ನಾನು ಪಕ್ಕದಲ್ಲೇ ಕೂತಿದ್ದೆ. “ಇಲ್ಲೇ ಇದ್ದು ಓದ್ತ್ಯಾ?” ಎಂದು ಅಕ್ಕ ಕೇಳಿದರು. “ಬ್ಯಾಡ್ರಿ ಅಕ್ಕಾರ, ನಿಮಗ್ಯಾಕ ತ್ರಾಸ” ಅಂದಳು ರೇಣುಕಾ. ಅಕ್ಕ ಬೇಸರದಿಂದಲೇ ಬರೆದುಕೊಂಡರು: ಮಾವನ ಮನೆಗೆ ಹೋಗಲು ಇಚ್ಛೆ. ನಾಲ್ಕು ದಿನದ ಮೇಲೆ ಮಾವ ಬಂದು ಕರೆದೊಯ್ಯುವುದೆಂದು ಗೊತ್ತಾಯಿತು.

ಆ ‘ಬ್ಯಾಡ್ರಿ’ ನನಗೆ ಗೊತ್ತಿದ್ದ ‘ಬ್ಯಾಡ್ರಿ’. ಆದರೆ ನಾನು ಬಾಯಿ ಹಾಕಿದರೆ ಪುಸ್ತಕದಲ್ಲಿ ಅದೇ ಮಾತು ಎರಡನೇ ಸಲ ಬೀಳುತ್ತದೆ. ವರ್ಷ ಮುಗಿಯಲು ಮೂರು ವಾರ ಉಳಿದಿತ್ತು. ಚಿಗವ್ವನ ನಗು ಕಿವಿಯಲ್ಲಿತ್ತು. ಎರಡು ದಿನ ಸುಮ್ಮನಿದ್ದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಮೂರನೇ ದಿನ ಬೆಳಿಗ್ಗೆ ಅಕ್ಕನ ಮೇಜಿನೆದುರು ಹೋಗಿ ನಿಂತೆ.

“ಅಕ್ಕಾರ, ರೇಣುಕಾನ್ನ ಇನ್ನೊಮ್ಮೆ ಕೇಳ್ರಿ.”

“ಬೇಡ ಅಂದ ಮೇಲೆ ಮತ್ತೆ ಕೇಳಿದ್ರೆ ಅದು ಒತ್ತಾಯ ಅಲ್ದಾ? ವರ್ಷ ಪೂರಾ ನಿಂಗೆ ಕಲಿಸಿದ್ದು ಎಂತ ಹಂಗಾದ್ರೆ?”

“ನಾ ಬಂದ ದಿನ ನೀವು ನೀರು ಬೇಕಾ ಅಂತ ಕೇಳಿದ್ರಿ. ಬ್ಯಾಡ ಅಂದೆ. ನೀವು ಇನ್ನೊಮ್ಮೆ ಕೇಳ್ತೀರಿ ಅಂತ ಸಂಜೀತನಾ ನೀರಡಿಸಿ ಕುಂತಿದ್ದೆ.”

ಅಕ್ಕ ಪೆನ್ನು ಕೆಳಗಿಟ್ಟರು. “ಅಯ್ಯೋ ಮಾರಾಯ್ತಿ! ಹೌದಾ? ಬಾಯಿ ಬಿಟ್ಟು ಹೇಳೂಕೆ ಆಗ್ತಿರ್ಲಿಲ್ವಾ?”

“ನಮ್ಮ ಕಡೀಗೆ ಹಂಗ ಹೇಳಂಗಿಲ್ರಿ. ಆಕೀನೂ ಹೇಳಂಗಿಲ್ಲ. ನನ್ನ ಪುಸ್ತಕದಾಗ ಏನರ ಬರೀರಿ, ಆದ್ರ ಆಕೀನ್ನ ಕೇಳ್ರಿ.”

ಅವರು ಕುರ್ಚಿ ಸರಿಸಿ ಎದ್ದರು. “ನೀನೇ ಕೇಳು, ನನ್ನ ಎದುರಿಗೆ. ಅವಳನ್ನ ಎಳೆಯೋ ಹಂಗೆ ಒಂದು ಮಾತೂ ಬರಬಾರ್ದು.”

ರೇಣುಕಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ. “ರೇಣುಕಾ, ಮಾವನ ಮನೀಗೆ ಹೋಗೂದು ನಿನ್ನ ಮನಸಿನಾಗ ಇದ್ರ ನಾನ ಬಸ್ಸಿಗೆ ಹತ್ತಿಸ್ತೀನಿ, ಯಾರಿಗೂ ಸಿಟ್ಟಿಲ್ಲ. ಇಲ್ಲಿರೂದು ಮನಸಿನಾಗ ಇದ್ರ ನಿನ್ನ ಮಂಚ ಐತಿ, ಕಾಲೇಜಿನ ಫಾರ್ಮ್ ಐತಿ. ಇದು ಎರಡನೇ ಸಲ ಕೇಳಾಕತ್ತೀನಿ. ಮೂರನೇ ಸಲ ಕೇಳಂಗಿಲ್ಲ.”

ಆಕೆ ಬೆರಳಿಗಂಟಿದ ಹಿಟ್ಟನ್ನು ಒಂದೊಂದಾಗಿ ಬಿಡಿಸಿಕೊಂಡಳು. ಭಾರತಿ ಅಕ್ಕನ ಮುಖ ನೋಡಿದಳು.

“ನಾ ಇದ್ರ ಯಾರಿಗೂ ಭಾರ ಆಗಂಗಿಲ್ಲಲ್ರಿ?”

“ಇಲ್ಲ” ಎಂದರು ಅಕ್ಕ.

“ಹಂಗಾರ ಇರ್ತೇನ್ರಿ” ಎಂದವಳೇ ಹಿಟ್ಟಿನ ಪರಾತದ ಮೇಲೆ ತಲೆ ಬಗ್ಗಿಸಿ ಬಿಕ್ಕಿಬಿಕ್ಕಿ ಅತ್ತಳು. ಮಾರನೇ ದಿನ ಮಾವನಿಗೆ ತಾನೇ ಹೇಳಿ, ಚಹಾ ಕುಡಿಸಿ ಕಳಿಸಿದಳು. ನನ್ನ ಪುಸ್ತಕದಲ್ಲಿ ಅಕ್ಕ ಹಳೆಯ ಮಾತನ್ನು ಹೊಡೆದುಹಾಕಲಿಲ್ಲ. ಹೊಸದಾಗಿಯೂ ಏನನ್ನೂ ಬರೆಯಲಿಲ್ಲ. ಪಾಸು ಮಾಡಿದರು.

ತರಬೇತಿ ಮುಗಿಸಿ ಎಂಟು ದಿನ ಊರಿಗೆ ಬಂದಿದ್ದೆ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಬಯಲು ಕಂಡು ಕಣ್ಣು ತುಂಬಿತು, ಎರಡೇ ದಿನಕ್ಕೆ ಬಿಸಿಲು ಕಣ್ಣು ಚುಚ್ಚತೊಡಗಿತು. ಚಿಗವ್ವ ಮನೆಗೆ ಬಂದಳು. “ಚಾ ಕುಡೀತಿಯೇನು?” ಎಂದೆ. “ಬ್ಯಾಡ ಬಿಡ” ಅಂದಳು. ನಾನು ಸರಿ ಎಂದು ಆಕೆಯ ಪಕ್ಕ ಕೂತು ಮಾತಾಡಿದೆ. ಆಕೆ ಮುಖ ಊದಿಸಿಕೊಂಡು ಎದ್ದು ಹೋದ ಮೇಲೆ ಅವ್ವ ಬೈದಳು: “ಮನೀಗೆ ಬಂದಾಕಿನ್ನ ಹಂಗ ಒಣಾ ಬಾಯೀಲೆ ಕಳಿಸ್ತೀಯೇನ? ಏನ್ ಕಲ್ತು ಬಂದಿ ಅಲ್ಲಿ?” ಶಿರಸಿಯಲ್ಲಿ ಒತ್ತಾಯದವಳು, ಊರಲ್ಲಿ ಕೇಳದವಳು. ಎರಡೂ ಕಡೆ ನಾನೇ ತಪ್ಪು. ಚಿಗವ್ವನ ಮನೆಗೆ ಹೋಗಿ ಕ್ಷಮೆ ಕೇಳಿ, ಬೇಡ ಬೇಡ ಅನ್ನುತ್ತಲೇ ಎರಡು ಕಪ್ಪು ಚಹಾ ಕುಡಿದು ಬಂದೆ.

ಪ್ರಮಾಣಪತ್ರ ತರಲು ಮತ್ತೆ ಶಿರಸಿಗೆ ಹೋದೆ. ಊರ ಕಡೆಯೇ ಇಂಥದೇ ಕೆಲಸ ಹುಡುಕುವ ಮನಸ್ಸಿತ್ತು. ಭಾರತಿ ಅಕ್ಕ ಕಾಗದ ಕೈಗಿಟ್ಟು, “ಇಲ್ಲೇ ಕೆಲಸಕ್ಕೆ ಇರ್ತ್ಯಾ ಮಾದೇವಿ?” ಎಂದರು. “ಬ್ಯಾಡ್ರಿ ಅಕ್ಕಾರ” ಎಂದುಬಿಟ್ಟೆ. ಯಾಕಂದೆನೋ ತಿಳಿಯದು. “ಸರಿ” ಎಂದು ಅವರು ಎಂದಿನಂತೆ ಒಳಗೆ ಹೋದರು. ನಾನು ಅದೇ ಕುರ್ಚಿಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳ. ಅಕ್ಕ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನೊಡನೆ ಎಂದೂ ಆಡದ ತಮ್ಮ ಮನೆಮಾತಿನಲ್ಲಿ ಹೇಳಿದರು, “ಆನು ಎರಡ್ನೇ ಸಲ ಕೇಳ್ತಾ ಇದ್ದಿ ನೋಡು. ಇಲ್ಲೇ ಇರ್ತ್ಯನೇ?”

ನೀರು ಕುಡಿದೆ. “ಹಂಗಾರ ಒಂದ್ ವರ್ಷ ಇರ್ತೀನ್ರಿ” ಅಂದೆ.

ಅವ್ವನಿಗೆ ಫೋನ್ ಮಾಡಿ, ಒಂದೇ ವರ್ಷ, ಆಮೇಲೆ ಬಂದುಬಿಡುತ್ತೇನೆ ಎಂದೆ. ಆಕೆ ಹೇಳಿದಳು: “ಅರ್ಧ ರೊಟ್ಟಿ ಸಾಕು ಅಂದವರು ಎಷ್ಟು ತಿಂದು ಏಳ್ತಾರಂತ ನನಗ ಗೊತ್ತಿಲ್ಲೇನು, ಮಾದೇವಿ?”