ಹಿತ್ತಲ ಜೌಗು ಕೌಂಟಿಯ ಕೈಗೆ ಬಂದದ್ದು

ನಮ್ಮ ರಾಜ್ಯದ ರಾಜಧಾನಿ ಅಟ್ಲಾಂಟಾಕ್ಕೆ ಹತ್ತಿರದ ಕಮ್ಮಿಂಗ್‌ನಲ್ಲಿ ನಮ್ಮ ಸಾಲಿನ ಮನೆಗಳ ಹಿಂದೆ ಒಂದು ಜೌಗು ಇದೆ. ಸುಮಾರು ಒಂದು ಎಕರೆ ಇರಬಹುದು. ನನ್ನ ಅಂದಾಜನ್ನು ಯಾರೂ ನಂಬಬೇಕಿಲ್ಲ. ನಾವು ಮನೆ ಕೊಂಡಾಗ ಅದರ ಸುತ್ತ ಕಿತ್ತಳೆ ಬಣ್ಣದ ಪುಟ್ಟ ಬಾವುಟಗಳಿದ್ದವು. ಅದು ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಜಾಗ, ಅಲ್ಲಿ ಒಂದು ಬುಟ್ಟಿ ಮಣ್ಣು ಸುರಿಯಲೂ ಅವರ ಅನುಮತಿ ಬೇಕು ಎಂದು ಹೇಳಿದ್ದರು.

2023ರಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಜೌಗುಗಳ ಮೇಲೆ ಕೇಂದ್ರಕ್ಕಿದ್ದ ಅಧಿಕಾರವನ್ನು ಬಹಳಷ್ಟು ಕಡಿಮೆ ಮಾಡಿತು. ನದಿ, ಕೆರೆಗಳ ಜೊತೆ ಮೇಲ್ಮೈಯಲ್ಲೇ ಕೂಡಿಕೊಂಡಿರದ ಜೌಗುಗಳನ್ನು ಇನ್ನು ಮುಂದೆ ರಾಜ್ಯಗಳೇ ನೋಡಿಕೊಳ್ಳಬೇಕಿತ್ತು. ಸುದ್ದಿ ಓದಿ ಮರೆತಿದ್ದೆ. ಮರುವರ್ಷ ಬಾವುಟಗಳಿದ್ದ ಕಡೆ ಬಿಲ್ಡರ್‌ನ ಬೋರ್ಡು ಬಂತು. ಜೌಗನ್ನು ಮಣ್ಣು ತುಂಬಿ ಎತ್ತರಿಸಿ ಮನೆ ಕಟ್ಟುತ್ತಾರಂತೆ.

ಇದರಿಂದ ನಿಜವಾಗಿ ನಿದ್ದೆಗೆಟ್ಟವರು ಪಕ್ಕದ ಮನೆಯ ಅಂಕಲ್. ಬಾಗಲಕೋಟೆ ಕಡೆಯವರು, ನಿವೃತ್ತ ಸಿವಿಲ್ ಎಂಜಿನಿಯರ್. ಸಾಲಿನಲ್ಲಿ ಅವರ ಮನೆಯೇ ಎಲ್ಲಕ್ಕಿಂತ ತಗ್ಗಿನಲ್ಲಿದೆ. ಮಂಡಿ ಆಪರೇಷನ್ ಆದಮೇಲೆ ಆಂಟಿ ಮೆಟ್ಟಿಲು ಹತ್ತಲಾರದೆ, ಹಿತ್ತಲಿಗೆ ಬಾಗಿಲಿರುವ ಬೇಸ್‌ಮೆಂಟಿನಲ್ಲೇ ಮಲಗುತ್ತಿದ್ದರು. ಜೌಗು ಮುಚ್ಚಿದರೆ ಅಲ್ಲಿ ನಿಲ್ಲುವ ಮಳೆನೀರು ಎಲ್ಲಿ ಹೋಗುತ್ತದೆ ಎಂಬುದನ್ನು ಅಂಕಲ್ ಊಟದ ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಗೆರೆ ಆಂಟಿಯ ಮಂಚಕ್ಕೆ ಹೋಗಿ ಮುಟ್ಟಿತು.

ಇಬ್ಬರೂ ಕೂತು ಫೋನ್ ಮಾಡಿದೆವು. ಇದು ಈಗ ನಮಗೆ ಸೇರಿದ್ದಲ್ಲ ಎಂದರು ಕೇಂದ್ರದವರು. ಇಂಥ ಜೌಗಿಗೆಂದು ನಮ್ಮಲ್ಲಿ ಬೇರೆ ಕಾನೂನಿಲ್ಲ, ಕೌಂಟಿಯಲ್ಲಿ, ಅಂದರೆ ಜಿಲ್ಲಾಡಳಿತದಲ್ಲಿ ಕೇಳಿ ಎಂದರು ರಾಜ್ಯದವರು. ಕೌಂಟಿಯ ಮಹಿಳಾ ಅಧಿಕಾರಿ ಸಮಾಧಾನವಾಗಿ ಎಲ್ಲ ಕೇಳಿಕೊಂಡು, ಜೌಗು ತಮ್ಮ ನಿಯಮದಲ್ಲಿಲ್ಲ, ತೊರೆ ಇದೆ ಎಂದರು. ಮಳೆಯಿಲ್ಲದ ದಿನಗಳಲ್ಲೂ ಹರಿಯುವ ತೊರೆಯಿದ್ದರೆ ಅದರ ಎರಡೂ ದಂಡೆಗಳಲ್ಲಿ ಏನೂ ಕಟ್ಟದೆ ಜಾಗ ಬಿಡಲೇಬೇಕು. ಅಲ್ಲಿ ನೀರು ಹರಿಯುವುದನ್ನು ಯಾರಾದರೂ ಕಂಡಿದ್ದರೆ ಬರೆದು ಕೊಡಲಿ, ಬಂದು ನೋಡುತ್ತೇನೆ ಎಂದೂ ಹೇಳಿದರು.

ನನಗೆ ಕುತೂಹಲ ಹುಟ್ಟಿದ್ದು ಇಲ್ಲಿ. ಅಧಿಕಾರ ಒಂದೊಂದೇ ಮೆಟ್ಟಿಲು ಇಳಿದು ಬಂದಿದೆ, ಸರಿ. ಆದರೆ ಕೆಳಗೆ ಬರುವಷ್ಟರಲ್ಲಿ ಪ್ರಶ್ನೆಯೇ ಬೇರೆಯಾಗಿದೆ. ಬಾವುಟ ನೆಡುವಾಗ ಕೇಂದ್ರದವರು ಮಣ್ಣಿನ ಬಣ್ಣ ನೋಡಿದ್ದರು, ಹುಲ್ಲಿನ ಜಾತಿ ನೋಡಿದ್ದರು. ಕೌಂಟಿಗೆ ಬೇಕಾದದ್ದು ಹರಿಯುವ ನೀರು ಮಾತ್ರ. ನೆಲ ಅದೇ, ಕೆಸರೂ ಅದೇ.

"ನೀ ದಿನಾ ಅಲ್ಲೇ ವಾಕಿಂಗ್ ಹೋಗ್ತೀಯಲ್ಲ ತಮ್ಮಾ, ನೀನ ಬರದು ಕೊಡು" ಎಂದರು ಅಂಕಲ್.

ನೆನಪೇನೋ ಇತ್ತು. 2020ರ ಲಾಕ್‌ಡೌನಿನಲ್ಲಿ, ಶೂ ಕೈಯಲ್ಲಿ ಹಿಡಿದು ತಣ್ಣನೆಯ ನೀರು ದಾಟಿದ್ದು. ನಾವು ಮನೆ ಬದಲಿಸಿದ್ದೂ ಅದೇ ವರ್ಷ. ಹಾಗಾದರೆ ಅದು ಇಲ್ಲೋ, ಇಲ್ಲಿಗೆ ಬರುವ ಮುಂಚೆ ಬಾಡಿಗೆಗಿದ್ದ ಜಾನ್ಸ್ ಕ್ರೀಕ್ ಊರಿನಲ್ಲೋ? ನನ್ನ ಅಣ್ಣ ಕಣ್ಣಾರೆ ಕಂಡ ಅಪಘಾತವೊಂದನ್ನು ನಾನು ಕಂಡೆನೆಂದು ಹತ್ತು ವರ್ಷ ಹೇಳಿಕೊಂಡು ಬಂದವನು ನಾನು. ಹಾಗಾಗಿ ಸ್ವಲ್ಪ ಟೈಮ್ ಕೊಡಿ ಎಂದೆ.

"ಪಿಎಚ್‌ಡಿ ಮಾಡೀಯಲ್ಲೋ? ನೀರು ನೋಡೀನೋ ಇಲ್ಲೋ ಅಂತ ಹೇಳಾಕ ಇನ್ನೊಂದು ಪಿಎಚ್‌ಡಿ ಮಾಡಬೇಕೇನು?"

ಫೋನಿನ ಹಳೆಯ ಫೋಟೋಗಳನ್ನು ಹುಡುಕಿದೆ. ಶೂ ಹಿಡಿದು ದಾಟಿದ್ದು ಜಾನ್ಸ್ ಕ್ರೀಕಿನಲ್ಲೇ. ಆದರೆ 2021ರ ವಸಂತದ ಇನ್ನೊಂದು ಫೋಟೋ ಸಿಕ್ಕಿತು. ಅಂಕಲ್ ಹಿತ್ತಲು, ಉದ್ದದ ಕಾಲುವೆ ಅಗೆತ, ಅದರಲ್ಲಿ ಹರಿಯುತ್ತಿರುವ ನೀರು, ಪಕ್ಕದಲ್ಲಿ ಬಿಳಿ ಪೈಪುಗಳು. ಮೊಣಕಾಲಿನವರೆಗೆ ಕೆಸರಾಗಿ ಸಲಿಕೆ ಹಿಡಿದು ನಗುತ್ತಿರುವವನು ನಾನು. ಏನೇನೂ ನೆನಪಿಲ್ಲ. ಹೆಂಡತಿಗೆ ತೋರಿಸಿದೆ.

"ಅಯ್ಯೋ, ಮರ್ತೇ ಹೋಯ್ತಾ? ಅಂಕಲ್‌ಗೆ ಹೆಲ್ಪ್ ಮಾಡ್ತೀನಿ ಅಂತ ಹೋಗಿ, ಬೆನ್ನು ಹಿಡ್ಕೊಂಡು ಮೂರು ದಿನ ಸೋಫಾ ಬಿಟ್ಟು ಏಳ್ಲಿಲ್ವಲ್ಲ. ನೆನಪಿಡೋ ಕೆಲಸ ಎಲ್ಲಾ ನಂಗೇನಾ?"

ಫೋಟೋ ಹಿಡಿದು ಬೇಸ್‌ಮೆಂಟಿಗೆ ಹೋದೆ. ಆಂಟಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಂಕಲ್ ಫೋಟೋ ನೋಡಿ ಫೋನನ್ನು ನನ್ನ ಕೈಗೇ ತಿರುಗಿ ಕೊಟ್ಟರು.

"ಇದನ್ನ ತೋರಸಬ್ಯಾಡ."

ಜೌಗಿನಿಂದ ಇಳಿಯುವ ನೀರು, ಆಂಟಿ ವಾಕರ್ ಹಿಡಿದು ತಮ್ಮ ಮೆಣಸಿನ ಗಿಡಗಳತ್ತ ಹೋಗುವ ದಾರಿಗೆ ಅಡ್ಡ ಹರಿಯುತ್ತಿತ್ತಂತೆ. ಬದುಕಿನುದ್ದಕ್ಕೂ ಕಾಲುವೆ ಕಟ್ಟಿಸಿದವರಿಗೆ ನೀರು ಮನಸ್ಸು ಬಂದತ್ತ ಹೋಗುವುದನ್ನು ನೋಡಲಾಗಲಿಲ್ಲ. ಬೇಲಿಯ ಬುಡದಿಂದ ಪೈಪು ಹಾಕಿ, ಮಣ್ಣು ಮುಚ್ಚಿ, ಹುಲ್ಲು ಬೆಳೆಸಿದ್ದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ.

"ಪೈಪಿನಾಗಿಂದು ತೊರಿ ಅಲ್ಲ ಅಂತಾರ. ಮ್ಯಾಲೆ ನನಗ ನೋಟಿಸು. ಸುಮ್ನ ಹರೀತದ ಅಂತ ಬರದು ಕೊಡು."

"ಈಗ ಹರಿಯೋದನ್ನ ನಾನು ನೋಡಿಲ್ಲ ಅಂಕಲ್. ಯಾರಿಗೂ ಕಾಣ್ಸಲ್ಲ. ನಾವೇ ಮುಚ್ಚಿದ್ದೀವಿ."

ಆಂಟಿ ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕಿಟ್ಟರು. "ಏನ್ರೀ, ನಿಮ್ಮ ಮರ್ಯಾದಿ ತೋಯ್ದ್ರ ನಾಕು ದಿನಕ್ಕ ಒಣಗ್ತದ. ಈ ಹಾಸಗಿ ತೋಯ್ದ್ರ ನಾ ಎಲ್ಲಿ ಮಲಗ್ಲಿ? ಕೊಡಪಾ ನೀ ಫೋಟೋ."

ಅಧಿಕಾರಿ ಬಂದ ದಿನಕ್ಕೆ ಮಳೆ ನಿಂತು ಕೆಲವು ವಾರಗಳಾಗಿದ್ದವು. ಅಂಕಲ್ ಮುಂದೆ ನಡೆದು, ಮುಳ್ಳುಪೊದೆಯೊಳಗಿದ್ದ ಪೈಪಿನ ಬಾಯಿ ತೋರಿಸಿದರು. ಆಕೆ ಮಂಡಿಯೂರಿ ಅಂಗೈ ಒಡ್ಡಿದರು. ನೀರು ಸಣ್ಣಗೆ ಬರುತ್ತಿತ್ತು. ಫೋಟೋವನ್ನೂ ನನ್ನನ್ನೂ ನೋಡಿ, ಸಲಿಕೆಯವನು ನೀನೇನಾ ಎಂದು ಕೇಳಿದರು. ಹಾಗೆಂದು ಫೋಟೋ ಹೇಳುತ್ತಿದೆ ಎಂದೆ.

ಪೈಪಿಗೆ ಮುಂಚೆ ನೀರು ಎಲ್ಲೆಲ್ಲಿ ಹರಿಯುತ್ತಿತ್ತು ಎಂದು ಆಕೆ ಕೇಳಿದಾಗ ಅಂಕಲ್ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆಯುತ್ತಾ ಹೋದರು. ಇಲ್ಲಿ ಅಡಿ ಅಗಲ, ಇಲ್ಲಿ ಎಡಕ್ಕೆ ತಿರುವು, ಇಲ್ಲಿ ಕಲ್ಲು. ಜೌಗಿನ ಅಂಚಿನವರೆಗೂ ಹಿಡಿದುಕೊಂಡು ಹೋದರು. ಅಗೆದವನಾದ ನನಗೆ ಒಂದು ತಿರುವೂ ನೆನಪಿರಲಿಲ್ಲ. ಅವರು ಹೇಳಿದ್ದೆಲ್ಲ ನಿಜವೇ ಎಂಬ ಅನುಮಾನವೂ ನನಗೆ ಬಂತು. ಆದರೆ ಅಂಕಲ್ ಕಲ್ಲೆಂದ ಕಡೆ ಆಕೆ ಕಬ್ಬಿಣದ ಸರಳು ಚುಚ್ಚಿದಾಗ ಟಣ್ ಎಂದಿತು.

ಇದನ್ನು ಕೊನೆಗೆ ತೀರ್ಮಾನಿಸುವುದು ಅಟ್ಲಾಂಟಾದವರೋ, ವಾಷಿಂಗ್ಟನ್ನಿನವರೋ ಎಂದು ಕೇಳಿದೆ. ಆಕೆ ಪ್ಯಾಂಟಿನ ಕೆಸರು ಕೊಡವುತ್ತಾ, "ನಾನೇ" ಎಂದರು.

ಪತ್ರ ಬಂತು. ಅದು ತೊರೆಯೇ. ಪೈಪು ಕಿತ್ತು ನೀರನ್ನು ಮೊದಲಿನಂತೆ ಬಯಲಿನಲ್ಲಿ ಹರಿಯಬಿಡಬೇಕು. ತೊರೆಯ ದಂಡೆಗೆ ಸೇರುವುದರಿಂದ ಜೌಗಿನ ತಗ್ಗಿನ ಭಾಗವನ್ನು ಬಿಲ್ಡರ್ ಮುಟ್ಟುವಂತಿಲ್ಲ. ಅಂಕಲ್ ಆಳುಗಳನ್ನು ಕರೆಸಿ, ತಾವೇ ನಿಂತು ತಮ್ಮ ಕೆಲಸವನ್ನು ಅಗೆಸಿದರು. ಆ ವರ್ಷದ ಮಳೆಗೆ ಬೇಸ್‌ಮೆಂಟು ಒದ್ದೆಯಾಗಲಿಲ್ಲ. ಕಾರ್ಪೆಟ್ ಮುಟ್ಟಿ ನೋಡಿದ್ದೇನೆ. ಸಾಕ್ಷಿಗಿರಲಿ ಎಂದು ಹೆಂಡತಿಯ ಕೈಯಲ್ಲೂ ಮುಟ್ಟಿಸಿದ್ದೇನೆ.

ಆದರೆ ಆಂಟಿಯ ದಾರಿ ಎರಡು ತುಂಡಾಯಿತು. ಮೆಣಸಿನ ಗಿಡಗಳೆಲ್ಲ ತೊರೆಯ ಆಚೆ ಉಳಿದವು, ವಾಕರ್ ಅಲ್ಲಿಗೆ ಹೋಗುವುದಿಲ್ಲ. ಈಗ ಅವರು ಈಚೆ ದಡದಲ್ಲಿ ನಿಂತುಕೊಳ್ಳುತ್ತಾರೆ. ಅಂಕಲ್ ಬುಟ್ಟಿ ಹಿಡಿದು ಜೋಪಾನವಾಗಿ ಒಂದು ಹೆಜ್ಜೆ ದಾಟುತ್ತಾರೆ.

"ಕೆಂಪಾಗಿದ್ದು ಅಷ್ಟ ಹರೀರಿ. ಅದಲ್ಲ, ಅದರ ಹಿಂದಿಂದು. ಅಯ್ಯ, ಹಸರದು ಬಿಡ್ರೀ!"